ಹಾಲಪ್ಪನವರ ಹೆಸರಿನಲ್ಲಿ

"ಮಾಲೀಕರ ಸಹಿ ಇಲ್ಲವಲ್ಲ, ನಳಿನಿಬೆನ್?" ಎನ್ನುತ್ತ ಕಿಶೋರ್‌ಭಾಯ್ ಕಡತವನ್ನು ಅವಳತ್ತ ಜಾರಿಸಿದರು. ಅದು ಹಾಗೆ ವಾಪಸಾಗುತ್ತಿರುವುದು ನಾಲ್ಕನೆಯ ಸಲ.

"ಯಾರು ಸಹಿ ಹಾಕಬೇಕು ಅಂತಲೇ ಸರ್ ನಾನು ಕೇಳಿರೋದು."

"ಅಹಮದಾಬಾದಿನ ಮುಖ್ಯ ಕಚೇರಿಗೆ ಬರೆಯಿರಿ."

"ಬರೆದಿದ್ದೆ. ವಡೋದರಾ ಕಚೇರಿಯೇ ತೀರ್ಮಾನಿಸಲಿ ಅಂತ ಉತ್ತರ ಬಂದಿದೆ. ಆ ಉತ್ತರ ತಲುಪಿತು ಅಂತ ಕೆಳಗೆ ನಿಮ್ಮದೇ ರುಜು ಇದೆ, ನೋಡಿ."

ಕಿಶೋರ್‌ಭಾಯ್ ಕನ್ನಡಕ ಏರಿಸಿ ತಮ್ಮ ರುಜುವನ್ನು ತಾವೇ ನೋಡಿಕೊಂಡರು. "ಇನ್ನೊಮ್ಮೆ ಬರೆಯಿರಿ," ಎಂದರು.

ಆರೋಗ್ಯ ಕೇಂದ್ರಗಳಲ್ಲಿ ಯಾವ ಔಷಧ ಎಷ್ಟಿದೆ ಎಂದು ತೋರಿಸುವ ತಂತ್ರಾಂಶವೊಂದರ ಕಡತ ಅದು. ಆ ತಂತ್ರಾಂಶವನ್ನು ಹನ್ನೊಂದು ವರ್ಷದ ಕೆಳಗೆ ಇದೇ ಕಚೇರಿಯಲ್ಲಿ ಕೂತು ಬರೆದವರು ಹಾವೇರಿ ಕಡೆಯ ಹಾಲಪ್ಪನವರು. ಜನರ ದುಡ್ಡಿನದು ಜನರಿಗೆ ಸೇರಲಿ ಎಂದು ಯಾರು ಬೇಕಾದರೂ ನೋಡುವಂತೆ, ಬಳಸುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟಿದ್ದರು. ಕಚೇರಿಗೆಂದು ಅಲ್ಲಿ ಖಾತೆ ಇರಲಿಲ್ಲ. ತಮ್ಮ ಹೆಸರಿನಲ್ಲೇ ಇಟ್ಟರು. ನಿವೃತ್ತಿಯ ದಿನ ಅವರಿಂದ ಕುರ್ಚಿ, ಬೀರು, ಗುರುತಿನ ಚೀಟಿ ಎಲ್ಲವನ್ನೂ ಪಟ್ಟಿ ಮಾಡಿ ವಾಪಸು ಪಡೆದವರಿಗೆ ಇದೊಂದು ನೆನಪಾಗಲಿಲ್ಲ.

ಎರಡು ತಿಂಗಳ ಹಿಂದೆ ಅದನ್ನು ಬಳಸುತ್ತಿದ್ದ ಬೇರೊಂದು ರಾಜ್ಯದ ಮಹಿಳೆಯೊಬ್ಬರು ತಪ್ಪೊಂದನ್ನು ಹಿಡಿದಿದ್ದರು. ಔಷಧದ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಆ ಔಷಧ ಇಲ್ಲವೇ ಇಲ್ಲ ಎಂದು ತೋರಿಸುತ್ತಿತ್ತು. ಎರಡು ಸಾಲಿನ ತಿದ್ದುಪಡಿಯನ್ನೂ ಕಳಿಸಿದ್ದರು. ಅದನ್ನು ಒಪ್ಪಬೇಕಾದರೆ ಹಾಲಪ್ಪನವರೇ ಒಪ್ಪಬೇಕು. ಎಲ್ಲ ಕೇಂದ್ರಗಳಿಗೂ ಹೊಸ ಪ್ರತಿ ಹೋಗುತ್ತಿದ್ದುದು ಅವರ ಪುಟದಿಂದಲೇ.

ಹೋದ ವಾರ ಹಳ್ಳಿಯೊಂದರ ಕೇಂದ್ರಕ್ಕೆ ಹಾವು ಕಡಿದ ಹೆಂಗಸನ್ನು ತಂದಿದ್ದರು. ಔಷಧ ಇಲ್ಲ ಎಂದಿತು ಪರದೆ. ಅದನ್ನು ನಂಬಿ ಅವಳನ್ನು ವಡೋದರಾಕ್ಕೆ ಸಾಗಹಾಕಿದರು. ಅಲ್ಲೇ ಫ್ರಿಜ್ಜಿನಲ್ಲಿ ಐದು ಬಾಟಲಿ ಇದ್ದವು. ಹೆಂಗಸು ಬದುಕಿದಳು; ಎಡಗೈಯ ಎರಡು ಬೆರಳು ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ನಳಿನಿ ಸೂರತ್ತಿನ ರೈಲು ಹತ್ತಿದಳು.

ಹಾಲಪ್ಪನವರು ಅಲ್ಲಿನ ವರಾಛಾ ಬಡಾವಣೆಯಲ್ಲಿ ಮಗಳು ಕೃಪಾಳ ಮನೆಯಲ್ಲಿದ್ದರು. ಕೆಳಗಿನ ಮಹಡಿಯಲ್ಲಿ ವಜ್ರಕ್ಕೆ ಹೊಳಪು ಕೊಡುವ ಚಕ್ರಗಳು ಗುಂಯ್ ಎನ್ನುತ್ತಿದ್ದವು. ನಳಿನಿ ಕೂರುವ ಮೊದಲೇ ಅವರು ಪ್ಲಾಸ್ಟಿಕ್ ಚೀಲವೊಂದನ್ನು ತಂದು ಅದರಲ್ಲಿದ್ದ ಪತ್ರಗಳ ಪ್ರತಿಗಳನ್ನು ಸುರಿದರು.

"ಆರು ಪತ್ರ ಬರದೇನಿ ತಂಗಿ. ಇದನ್ನ ನನ್ನ ಕಡಿಂದ ತಗೋರಿ, ಯಾರ ಹೆಸರಿಗೆ ಮಾಡ್ಲಿ ಹೇಳ್ರಿ ಅಂತ. ಒಂದಕ್ಕೂ ಉತ್ತರ ಇಲ್ಲ. ಹೋದ ವರ್ಷ ನಾನ ಒಂದು ಸಣ್ಣ ತಪ್ಪು ತಿದ್ದಿದೆ. ಅದಕ್ಕ ನೋಡು, ಏಳು ದಿನದಾಗ ನೋಟಿಸು. ನಿವೃತ್ತರು ಸರ್ಕಾರಿ ಸ್ವತ್ತು ಮುಟ್ಟಬಾರದಂತ!"

ಗದಗಿನವಳಾದ ನಳಿನಿಗೆ ತನ್ನ ಕಡೆಯ ಆ ಕನ್ನಡ ಹಿತವಾಗಬೇಕಿತ್ತು. ಆಗಲಿಲ್ಲ.

"ಆ ಎರಡು ಸಾಲು ಸರಿ ಅದಾವೇನ್ರಿ ಸರ್?"

"ಬಂದ ದಿನಾನ ನೋಡೇನಿ. ಸರಿ ಅದಾವು."

"ನೋಡಿ ಎರಡು ತಿಂಗಳು ಸುಮ್ಮನ ಕುಂತ್ರಿ?"

"ಪಿಂಚಣಿ ಮ್ಯಾಲೆ ಕೈ ಇಟ್ಟಾರು ಅಂತ ಅಂಜಿದೆ."

ಅವಳು ಹಾವು ಕಡಿದ ಹೆಂಗಸಿನ ವಿಷಯ ಹೇಳಿದಳು. ಹಾಲಪ್ಪನವರು ಪತ್ರಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದರು. ಅರ್ಧಕ್ಕೆ ಬಿಟ್ಟರು.

"ಎಷ್ಟು ಬೆರಳು ಅಂದಿ?"

"ಎರಡು."

ಹಾಲಪ್ಪನವರು ಚೀಲವನ್ನು ಪಕ್ಕಕ್ಕೆ ಸರಿಸಿದರು.

"ನನ್ನ ಹೆಸರಿಗೆ ಮಾಡ್ರಿ," ಎಂದಳು ನಳಿನಿ.

"ನಿನ್ನ ಕಡೆ ಆರ್ಡರ್ ಐತೇನು?"

"ಇಲ್ಲ."

"ನಾಳೆ ನಿನಗೂ ಇದ ಹಣೆಬರಹ. ವರ್ಗ ಆದ್ರ ಏನ್ ಮಾಡ್ತಿ?"

"ಮುಂದ ಬರೋರ ಹೆಸರಿಗೆ ಮಾಡಿಕೊಟ್ಟು, ಬರಸ್ಕೊಂಡು ಹೋಗ್ತೀನಿ. ಕೇಳೋ ತನಕ ಕಾಯೂದಿಲ್ಲ."

ಹಾಲಪ್ಪನವರು ಲ್ಯಾಪ್‌ಟಾಪ್ ತೆರೆದರು. ನಾಲ್ಕು ಸಲ ತಿರುಗಿದ ಕಡತದ ಕೆಲಸ ಕೃಪಾ ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಮುಗಿಯಿತು. ನಳಿನಿ ತನ್ನ ಫೋನಿನಲ್ಲೇ ತಿದ್ದುಪಡಿಯನ್ನು ಒಪ್ಪಿ, ಕೆಳಗೆ ತನ್ನ ಹೆಸರು, ಹುದ್ದೆ, ಕಚೇರಿ ಮೂರನ್ನೂ ಬರೆದಳು. ಹಳ್ಳಿಯ ಕೇಂದ್ರದವನಿಗೆ ಫೋನು ಮಾಡಿ ಹೊಸ ಪ್ರತಿ ಹಾಕಿಕೊಳ್ಳಲು ಹೇಳಿದಳು. ಕಾಲು ಗಂಟೆಯಲ್ಲಿ ಅವನೇ ಕರೆ ಮಾಡಿದ. "ಬೆನ್, ಐದು ತೋರಿಸ್ತಿದೆ. ಫ್ರಿಜ್ ತೆಗೆದೂ ನೋಡಿದೆ. ಐದೇ."

ಅವಳು ಹೊರಡಲು ಎದ್ದಾಗ ಹಾಲಪ್ಪನವರೂ ಎದ್ದರು. ಬಾಗಿಲ ತನಕ ಬಂದು ಅವಳ ಚಪ್ಪಲಿಯನ್ನು ಕಾಲಿನಿಂದ ಸರಿಯಾಗಿ ಜೋಡಿಸಿದರು.

ಸೋಮವಾರ ಮಧ್ಯಾಹ್ನ ಕಿಶೋರ್‌ಭಾಯ್ ಅವಳನ್ನು ಕರೆಸಿದರು. ಸರ್ಕಾರಿ ಸ್ವತ್ತನ್ನು ಅನುಮತಿಯಿಲ್ಲದೆ ಸ್ವಂತ ಹೆಸರಿಗೆ ಪಡೆದದ್ದೇಕೆ, ಮೂರು ದಿನದಲ್ಲಿ ಉತ್ತರಿಸಿ ಎಂಬ ಮೆಮೊ ತಯಾರಿತ್ತು.

"ನನಗೂ ಬೇರೆ ದಾರಿ ಇಲ್ಲ," ಎಂದರು. ಆಮೇಲೆ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಈಗ ಸರಿಯಾಗಿ ತೋರಿಸ್ತಿದೆಯಾ?"

"ತೋರಿಸ್ತಿದೆ ಸರ್."

ಅವರು ತಮ್ಮ ಊಟದ ಡಬ್ಬಿಯ ಮುಚ್ಚಳಕ್ಕೆ ಕಡಲೆಹಿಟ್ಟಿನ ಖಮಣ್ ಎರಡು ತುಂಡು ಹಾಕಿ ಅವಳ ಮುಂದಿಟ್ಟರು. ನಳಿನಿ ಅಲ್ಲೇ ಕೂತಳು. ಫ್ಯಾನಿನ ಗಾಳಿಗೆ ಮೆಮೊ ಹಾರಲು ನೋಡುತ್ತಿತ್ತು. ಅದರ ಮೇಲೆ ಮೊಣಕೈ ಊರಿಕೊಂಡು, ಇನ್ನೊಂದು ಕೈಯಿಂದ ಅವಳು ನಿಧಾನವಾಗಿ ತಿನ್ನತೊಡಗಿದಳು.