ಆಡುವವರ ಕೈ

ಅದು ೧೯೮೮. ಅಳ್ನಾವರದ ಸ್ಟೇಶನ್ ರಸ್ತೆಯಲ್ಲಿ ಜಹೀರುದ್ದೀನ ವಿಡಿಯೋ ಗೇಮಿನ ಅಂಗಡಿ ತೆರೆದ ವಾರವೇ ಲೈಬ್ರರಿಯ ಕುಬೇರಪ್ಪ ಅದರ ಪಂಡಿತನಾಗಿಬಿಟ್ಟ. ಟೀವಿ ಊರಿಗೆ ಹಳತಾಗುತ್ತ ಬಂದಿತ್ತು. ಟೀವಿಯೊಳಗಿನ ಮನುಷ್ಯ ನಾವು ಹೇಳಿದಂತೆ ಕೇಳುತ್ತಾನೆಂಬುದು ಮಾತ್ರ ಹೊಸತು. ಗೋವೆಯ ವಾಸ್ಕೋದ ವ್ಯಾಪಾರಿ ಆಟದ ಇಪ್ಪತ್ತು ಕ್ಯಾಸೆಟ್ ಕಳಿಸಿದ್ದ. ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ಶನಿವಾರ ಮಧ್ಯಾಹ್ನದ ಗಾಡಿಗೆ ಮರಳಿಸಬೇಕು. ಆ ನಾಲ್ಕರ ಮೇಲೆಯೇ ಅಂಗಡಿ ವರ್ಷವಿಡೀ ನಿಲ್ಲಬೇಕು.

"ಅಷ್ಟ ಪುಸ್ತಕ ವಿಂಗಡಿಸಿಟ್ಟೀರಿ ಮಾಸ್ತರ. ಇವೇನು ನಿಮಗ ದೊಡ್ಡವೇನ್ರಿ?" ಎಂದಿದ್ದ ಜಹೀರುದ್ದೀನ.

ಕುಬೇರಪ್ಪ ಉಬ್ಬಿದ. ವಿಷಯ ನೋಡಿ ಪುಸ್ತಕಕ್ಕೆ ಕಪಾಟು ಗೊತ್ತುಮಾಡುವವನು, ಆಟಕ್ಕೂ ಅದೇ ನಿಯಮ ಹಚ್ಚಿದ. ಡಬ್ಬಿಗಳಿಗೆ ನಂಬರಿನ ಚೀಟಿ ಅಂಟಿಸಿ, ಒಂದೊಂದನ್ನೂ ನಂಬರು ಕೂಗಿ ಹಾಕಿ ಆಡಿದ. ಆಕಾಶ ಕಂಡವು ಒಂದು ರಾಶಿ, ನೀರು ಕಂಡವು ಇನ್ನೊಂದು, ಅಡವಿಯದೊಂದು, ರಸ್ತೆಯದೊಂದು. ರಾಶಿಗೊಂದರಂತೆ ಆರಿಸಿದ. ಇಡೀ ಜಗತ್ತೇ ನಾಲ್ಕು ಡಬ್ಬಿಯಲ್ಲಿ ಕೂತಂತೆ ಅವನಿಗೆ ಕಂಡಿತು.

ಶನಿವಾರ ಪೆಟ್ಟಿಗೆ ಒಯ್ಯಲು ಬಂದ ಹಮಾಲ ಹೊಳಬಸಪ್ಪ, ಗಾಡಿಗೆ ಇನ್ನೂ ಹೊತ್ತಿದೆಯೆಂದು ಆ ನಾಲ್ಕನ್ನೂ ಆಡಲು ಕೂತ. ನಾಲ್ಕನೆಯದನ್ನು ನಡುವೆಯೇ ಬಿಟ್ಟ.

"ಯಾಕೋ?" ಎಂದ ಕುಬೇರಪ್ಪ.

"ಗುಂಡ ಹಾರಿಸಿ ವಿಮಾನ ಹೊಡದ್ನಿ, ಮೀನ ಹೊಡದ್ನಿ, ಹುಲಿ ಹೊಡದ್ನಿ, ಈಗ ಮೋಟರ ಹೊಡ್ಯಾಕತ್ತೀನ್ರಿ. ಆಟ ಒಂದ, ಅಂಗಿ ಬ್ಯಾರೆ. ಎಂಟ ದಿನದಾಗ ಈ ಅಂಗಡಿಗೆ ನೊಣಾನೂ ಬರಂಗಿಲ್ಲ."

ಜಹೀರುದ್ದೀನನ ಮುಖ ಇಳಿಯಿತು. ಗಾಡಿಗೆ ಉಳಿದದ್ದು ಒಂದು ತಾಸು. ಎಲ್ಲವನ್ನೂ ಮತ್ತೆ ಆಡಿ ನೋಡುವಷ್ಟು ಸಮಯವಿರಲಿಲ್ಲ.

ಆಗ ಬಾಯಿ ತೆರೆದವಳು ಜಹೀರುದ್ದೀನನ ತಾಯಿ ಸುಗರಾಬಿ. ಟೀವಿ ಮೇಜಿನ ಬುಡದಲ್ಲಿ, ಆಡುವವರ ಕಡೆ ಮುಖಮಾಡಿ ಕೂತು ಹಳೇ ಅರಿವೆಗಳ ಕೌದಿ ಹೊಲಿಯುವುದು ಅವಳ ಕೆಲಸ. ವಾರದಲ್ಲಿ ಒಂದು ಆಟವನ್ನೂ ಅವಳು ಕಂಡಿರಲಿಲ್ಲ.

"ಮಾಸ್ತರ, ಕೌದಿ ಅರಿವಿ ವಿಂಗಡಿಸೂಮುಂದ ನಾ ಬಣ್ಣ ನೋಡಂಗಿಲ್ಲರಿ. ಎರಡೂ ಕೆಂಪ ಅದಾವಂತ ರೇಷ್ಮಿ ಬಾಜು ಖಾದಿ ಹಚ್ಚಿದ್ರ ಹೊಲಿಗಿ ಜಗ್ಗತದ. ಕೈಗೆ ಹ್ಯಾಂಗ ಹತ್ತತದ, ಅಷ್ಟ ನೋಡೂದು."

"ಆಟ ಕೈಗೆ ಹತ್ತೂದೇನ್ರಿ ಚಾಚಿ?"

"ನೀವು ಆರಿಸಿದ ನಾಕೂ ಆಡೂಮುಂದ ಹೆಬ್ಬಟ್ಟಲೆ ಬಿಡದ ಕುಟ್ಟತಿದ್ರಿ. ಮೂರನೇ ನಂಬರಿಗೆ ತಡದ ತಡದ ಒತ್ತತಿದ್ರಿ. ಒತ್ತಿದಾಗೊಮ್ಮೆ ಕುರ್ಚಿ ಬಿಟ್ಟು ಏಳತಿದ್ರಿ. ಎಂಟಕ್ಕ ಮೈಯೆಲ್ಲಾ ಎಡಕ್ಕ ಬಲಕ್ಕ ವಾಲತಿತ್ತು. ಹದಿನೇಳಕ್ಕ ಕೈ ಸುಮ್ಮನ, ತುಟಿ ಅಷ್ಟ ಎಣಿಸತಿತ್ತು."

ಕುಬೇರಪ್ಪ ಡಬ್ಬಿಗಳನ್ನು ತೆಗೆದ. ಮೂರು, ಹಳ್ಳಕೊಳ್ಳ ಜಿಗಿಯುವ ಆಟ. ಎಂಟು, ಮೋಟಾರಿನ ಪಂದ್ಯ. ಹದಿನೇಳು, ತುಂಡುಗಳನ್ನು ಹೊಂದಿಸುವುದು. ಒಂದೂ ತಪ್ಪಿರಲಿಲ್ಲ. ಓದುವವನ ಮುಖ ನೋಡಿ ಪುಸ್ತಕ ವಿಂಗಡಿಸಬಹುದೆಂದು ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಸೋತದ್ದಕ್ಕೆ ನಾಚಿಕೆಯಾಗಬೇಕಿತ್ತು, ಬದಲಿಗೆ ಅವಳ ಎದುರು ನೆಲದ ಮೇಲೆ ಕೂತ.

"ನಾಲ್ಕನೇದು ಯಾವುದ್ರಿ? ಕುಟ್ಟೂದ ಇಡೂಣೇನು?"

"ಹದಿಮೂರು ಅಂತ ಒಂದ ಹಾಕಿದ್ರಿ. ಕುಟ್ಟತಿದ್ರಿ, ನಿಲ್ಲತಿದ್ರಿ, ಎಣಿಸತಿದ್ರಿ. ಅದು ಯಾವ ರಾಶಿದೋ ನನಗೂ ತಿಳೀಲಿಲ್ಲ. ಇನ್ನೊಬ್ಬರ ಕೈಯಾಗ ನೋಡಬೇಕು."

"ಲೇ ಹೊಳಬಸ್ಯಾ, ಕೂಡಬಾ," ಎಂದ ಜಹೀರುದ್ದೀನ.

ಹೊಳಬಸಪ್ಪ ಹದಿಮೂರನ್ನು ಹಾಕಿಕೊಂಡ. ಸುಗರಾಬಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಅವನ ಕೈಯನ್ನೇ ನೋಡಿದಳು. ಕುಬೇರಪ್ಪ ಅವಳನ್ನೇ ನೋಡಿದ. ನೋಡುನೋಡುತ್ತ ತಾಸು ಕಳೆದು ಸ್ಟೇಶನ್ನಿನ ಗಂಟೆ ಬಾರಿಸಿತು.

"ಗಾಡಿ ಬಂತೋ," ಎಂದ ಜಹೀರುದ್ದೀನ.

"ತಡೀರಿ, ಇದೊಂದು ಬಾಗಲಾ ದಾಟೂಣು," ಎಂದ ಹೊಳಬಸಪ್ಪ. ತಲೆ ಎತ್ತಲಿಲ್ಲ.

ಸುಗರಾಬಿ ನಕ್ಕಳು. "ಇಟಗೋರಿ ಮಾಸ್ತರ."

ಉಳಿದ ಹದಿನಾರು ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಕುಬೇರಪ್ಪ ತಾನೇ ತಲೆಯ ಮೇಲೆ ಹೊತ್ತು ಸ್ಟೇಶನ್ನಿನತ್ತ ಓಡಿದ.