ಲೋಗೊ ದಾಟದ ಮಿಷನ್ನು

ಮುನಿರಾಜು ಬೆಳಗಿನಿಂದ ನನ್ನ ಬ್ಯಾಗನ್ನೇ ನೋಡುತ್ತಿದ್ದರು. ಕಂಪ್ಯೂಟರಿನ ಯಾವುದೋ ಭಾಗ ಬಿಚ್ಚಿ ಅದರೊಳಗೆ ಇಟ್ಟುಕೊಂಡಿದ್ದೇನೆ ಎಂಬ ಗುಮಾನಿ.

ಹುಣಸಮಾರನಹಳ್ಳಿಯಲ್ಲಿ ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಅವರದೇ ಅಪಾರ್ಟ್‌ಮೆಂಟು ಏಳುತ್ತಿದೆ; ಪಕ್ಕದಲ್ಲೇ ಅವರ ಮನೆ, ಮನೆಯ ಮುಂಭಾಗದಲ್ಲಿ ಆಫೀಸು. ಇನ್ನೂ ಕಟ್ಟದ ಮನೆಗಳನ್ನು ಗಿರಾಕಿಗಳಿಗೆ ಪರದೆಯ ಮೇಲೆ ತಿರುಗಿಸಿ ತೋರಿಸುವುದು ನನ್ನ ಕೆಲಸ. ಅದಕ್ಕೆಂದು ತಂದ ದೊಡ್ಡ ಮಿಷನ್ನಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದವಳೂ ನಾನೇ. ಹೋದ ವಾರ ಒಂದು ಅಪ್‌ಡೇಟ್ ಆದಮೇಲೆ ಪರದೆ ಕಪ್ಪಾಯಿತು. ಲಿನಕ್ಸಿಗೂ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿಗೂ ಇರುವ ಹಳೇ ಜಗಳ ಅದು, ಬಳಸುವವರಿಗೆಲ್ಲ ಗೊತ್ತು. ಅವತ್ತೇ ಸರಿಮಾಡಿದೆ. ಆದರೆ ಮುನಿರಾಜು ತಲೆಗೆ ಹುಳ ಹೊಕ್ಕಿತು. ನಾನಿಲ್ಲದೆ ಗತಿಯಿಲ್ಲ ಅನ್ನಿಸಲು ನಾನೇ ಕೆಡಿಸುತ್ತಿದ್ದೇನಂತೆ!

ಇವತ್ತು ಮಿಷನ್ನು ಆನ್ ಮಾಡಿದರೆ ಅದನ್ನು ತಯಾರಿಸಿದ ಕಂಪನಿಯ ಲೋಗೊ ತೋರಿಸಿ ಅಲ್ಲೇ ನಿಂತುಬಿಟ್ಟಿತು.

"ಮಧ್ಯಾಹ್ನ ಮನೆ ನೋಡಕ್ಕೆ ಪಾರ್ಟಿ ಬರ್ತಾರೆ. ಅಷ್ಟ್ರೊಳ್ಗೆ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಸುಮಾ," ಎಂದರು.

ನನಗೂ ಅನುಮಾನ ಬಂತು. ನಿನ್ನೆ ಸಂಜೆ ಚೆನ್ನಾಗಿದ್ದದ್ದು ಬೆಳಗಾಗುವಷ್ಟರಲ್ಲಿ ಕೆಡುವುದೆಂದರೇನು? ನನ್ನನ್ನು ಓಡಿಸಲು ಇವರೇ ಯಾರ ಕೈಲೋ ಏನೋ ಮಾಡಿಸಿರಬೇಕು. ಆದರೂ ಕೆಲಸ ಉಳಿಯಬೇಕಲ್ಲ. ಲೋಗೊದಲ್ಲೇ ನಿಂತರೆ ಮೊದಲು ಹೊರಗಿನಿಂದ ಚುಚ್ಚಿದ್ದನ್ನೆಲ್ಲ ಕೀಳಬೇಕು. ಕಣ್ಣಿಗೆ ಕಂಡದ್ದನ್ನೆಲ್ಲ ಕಿತ್ತೆ, ಮಿಷನ್ನು ಜಗ್ಗಲಿಲ್ಲ. ಮೇಜಿನ ಕೆಳಗೆ ತೂರಿ, ಗೋಡೆ ಕಡೆಗಿದ್ದ ಮಿಷನ್ನಿನ ಬೆನ್ನು ತಡವಿದೆ. ಅರಿಶಿನದ ದಾರ ಸುತ್ತಿದ ಪೆನ್‌ಡ್ರೈವೊಂದು ಕೈಗೆ ಸಿಕ್ಕಿತು. ಮಿಷನ್ನು ತನ್ನ ಡಿಸ್ಕ್ ಬಿಟ್ಟು ಅದರೊಳಗೆ ಲಿನಕ್ಸ್ ಹುಡುಕುತ್ತಾ ಕೂತಿತ್ತು. ಅದನ್ನು ಕಿತ್ತು ಮತ್ತೆ ಆನ್ ಮಾಡಿದೆ. ಪರದೆ ಬೆಳಗಿತು.

"ಅಯ್ಯೋ, ಅದ್ಯಾಕ್ ಕಿತ್ತೆ?" ಮುನಿರಾಜು ತಾಯಿ ದೊಡ್ಡಮುನಿಯಮ್ಮ ಬಾಗಿಲಲ್ಲಿ ನಿಂತು ಕೂಗಿದರು. "ಮಿಷನ್ಗೆ ಯಾರೋ ಏನೋ ಮಾಡವ್ರೆ ಅಂತ ಇವ್ನೇ ಮನೇಲಿ ಒದ್ದಾಡ್ತಿದ್ದ. ಅದ್ಕೇ ಬೆಳಗ್ಗೆ ಶುಕ್ರವಾರದ್ ಪೂಜೆ ಮಾಡಿ, ದೇವ್ರ ಹಾಡಿರೋ ಪೆನ್‌ಡ್ರೈವ್ಗೆ ದಾರ ಕಟ್ಟಿ ನಾನೇ ಸಿಗ್ಸಿದ್ದು. ಇಂಗಾದ್ರೂ ಕಾಪಾಡ್ಲಿ ಅಂತ."

ಮುನಿರಾಜು ಬಾಯಿಂದ ಒಂದು ಒಳ್ಳೆಯ ಮಾತು ಬರಬಹುದೆಂದು ಕಾದೆ. ಅವರು ಪರದೆ ನೋಡಿದರು, ಪೆನ್‌ಡ್ರೈವ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅದು ಅಲ್ಲೇ ಐತೆ ಅಂತ ನಿಂಗ್ ಹೆಂಗ್ ಗೊತ್ತಾಯ್ತು?"

ನಾನು ಪೆನ್‌ಡ್ರೈವನ್ನು ಅಜ್ಜಿಯ ಕೈಗಿಟ್ಟೆ. ಬ್ಯಾಗಿನ ಜಿಪ್ಪು ಎಳೆದು ಮುನಿರಾಜು ಮೇಜಿನ ಮೇಲೆ ಬೋರಲು ಹಾಕಿದೆ. ಊಟದ ಡಬ್ಬಿಯೂ ಛತ್ರಿಯೂ ಬಿದ್ದವು.

"ನೋಡ್ಕೊಂಡ್ರಾ? ನಾಳೆಯಿಂದ ಅಲ್ಲ ಸಾರ್, ಈಗಿಂದ್ಲೇ ಬರಲ್ಲ."

ಗಿರಾಕಿಗಳ ಕಾರು ಗೇಟಿನೊಳಗೆ ತಿರುಗುತ್ತಿತ್ತು. ಒಳಗೆ ಮಿಷನ್ನು ಸರಿಯಾಗಿತ್ತು. ಅದರಲ್ಲಿ ಮನೆ ತಿರುಗಿಸಿ ತೋರಿಸಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.