ಅರ್ಧ ತುಂಬಿದ ಫಾರಂ

"ಸಹಿ ಎಲ್ಲಿ ಯಜಮಾನ್ರೇ?"

ತೆರಿಗೆ ಫಾರಂ ಕಳಿಸಲು ಅಂದೇ ಕೊನೆಯ ದಿನ. ಅದಕ್ಕೆಂದೇ ಅಂಚೆ ಕಚೇರಿಯಲ್ಲಿ ಬೇರೆ ಕಿಂಡಿ ತೆರೆದಿದ್ದರು. ಗುಮಾಸ್ತೆ ಕಾಗದಗಳನ್ನು ಗಾಜಿನಡಿಯಿಂದ ಹಿಂದಕ್ಕೆ ತಳ್ಳಿದಳು. "ಯಾರ ಫಾರಮ್ಮೋ ಅವರೇ ಸಹಿ ಹಾಕ್ಬೇಕು."

"ಮಗಳದ್ದು."

"ಕರ್ಕೊಂಡು ಬನ್ನಿ. ಐದು ಗಂಟೆ ತನಕ ಇರ್ತೀನಿ."

ಕಿಂಡಿಯೆದುರು ನಿಂತಿದ್ದ ಬೀಗ ರಿಪೇರಿಯವನು ಎಣ್ಣೆ ಹತ್ತಿದ ಬೆರಳುಗಳನ್ನು ಮಡಚಿಕೊಂಡ. "ಅವಳಿಲ್ಲಮ್ಮ."

"ಊರಲ್ಲಿಲ್ವಾ?"

"ತೀರಿಕೊಂಡ್ಳು." ಈ ಮಾತನ್ನು ಅವನು ಇದುವರೆಗೆ ಯಾರೆದುರೂ ಬಾಯಿಬಿಟ್ಟು ಆಡಿರಲಿಲ್ಲ. ಸುದ್ದಿ ಮುಟ್ಟಿಸುವ ಕೆಲಸವನ್ನೆಲ್ಲ ಅವನ ತಂಗಿಯೇ ಮಾಡಿದ್ದಳು.

ಎರಡು ತಿಂಗಳ ಹಿಂದೆ, ಒಂದು ಭಾನುವಾರ, ಮಗಳು ಊಟದ ಮೇಜಿನ ಮೇಲೆ ಇದನ್ನು ತುಂಬಲು ಕೂತಿದ್ದಳು. ಮೊದಲ ಪುಟ ಮುಗಿಯುವಷ್ಟರಲ್ಲಿ ಚಳಿ ಎಂದು ಎದ್ದು ಹೋಗಿ ಮಲಗಿದಳು. ಮೂರೇ ದಿನದ ಜ್ವರ. ಆಮೇಲೆ ಅವನು ಆ ಕಾಗದವನ್ನು ಸರಿಸದೆ, ಮೇಜಿನ ಒಂದು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಈ ಬೆಳಿಗ್ಗೆ ಉಳಿದ ಪುಟಗಳನ್ನು ಹೇಗೋ ತುಂಬಿದ್ದ. ಮೊದಲ ಪುಟ ಓದಲು ಮಾತ್ರ ಧೈರ್ಯ ಸಾಲಲಿಲ್ಲ.

ಗುಮಾಸ್ತೆಯ ದನಿ ಇಳಿಯಿತು. "ಹಾಗಾದ್ರೆ ನೀವೇ ಸಹಿ ಹಾಕ್ಬಹುದು. ಇಲ್ಲಿ ಸಂಬಂಧ ಬರೀರಿ." ಕಾಗದಗಳನ್ನು ಮತ್ತೆ ಎಳೆದುಕೊಂಡು ನೋಡುತ್ತ, ಮೊದಲ ಪುಟದಲ್ಲೇ ತಡೆದು ಅದನ್ನು ಅವನತ್ತ ಸರಿಸಿದಳು. "ಅವಲಂಬಿತರು ಅನ್ನೋ ಕಡೆ 'ಅಪ್ಪ' ಅಂತ ಬರ್ದಿದಾರೆ. 'ತಂದೆ' ಅಂತ ಬರೀಬೇಕಿತ್ತು."

ಅವನು ಕನ್ನಡಕ ಮೇಲೇರಿಸಿ ಬಗ್ಗಿದ. ಮಗಳ ಹಂಗಿನಲ್ಲಿಲ್ಲ, ನನ್ನ ದುಡಿಮೆ ನನಗಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದವನು ಅವನು. ಅವಳ ಎದುರಿಗೂ ಎಷ್ಟೋ ಸಲ ಅಂದಿದ್ದ. ಅವಳು ನಕ್ಕುಬಿಡುತ್ತಿದ್ದಳು. ಸಣ್ಣ ಚೌಕದೊಳಗೆ ಹಿಡಿಸದೆ, 'ಪ್ಪ' ಗೆರೆ ದಾಟಿ ಹೊರಗೆ ಚಾಚಿತ್ತು.

"ತಿದ್ದಲಾ?"

"ಬೇಡಮ್ಮ. ಹಾಗೇ ಇರ್ಲಿ."

ಅವನು ಆ ಪುಟದ ಮೇಲಿಂದ ಕೈ ತೆಗೆಯಲಿಲ್ಲ. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಗುಮಾಸ್ತೆ ಗಡಿಯಾರ ನೋಡಿ, ಒಂದು ಖಾಲಿ ಫಾರಂ ತೆಗೆದು ಮುಂದಿಟ್ಟಳು. "ಇನ್ನೂ ಇಪ್ಪತ್ತು ನಿಮಿಷ ಇದೆ. ಇದ್ರಲ್ಲಿ ನೀವೇ ಬರ್ದುಕೊಡಿ. ಅದನ್ನ ಮನೆಗೆ ತಗೊಂಡ್ಹೋಗಿ."

ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಪೆನ್ನು ಎತ್ತಿದ, ಇಳಿಸಿದ.

"ಕಳಿಸೋಕೆ ಅಂತ್ಲೇ ಬರ್ದಿದ್ಲು," ಎಂದ. "ಅರ್ಧಕ್ಕೆ ಬಿಟ್ಟಿದ್ದು ಇದೊಂದೇ."

ಹಳೆಯ ಫಾರಮಿನ ಕೆಳಗೆ ಸಹಿ ಹಾಕಿದ. ಸಂಬಂಧ ಎಂಬಲ್ಲಿ 'ತಂದೆ' ಎಂದು ನಿಧಾನವಾಗಿ ಬರೆದ. ಗುಮಾಸ್ತೆ ಲಕೋಟೆ ಅಂಟಿಸಿ, ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಹಾಕಿದಳು. ರಸೀದಿ ಕೊಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ಸಾಲಿನಲ್ಲಿ ಹಿಂದಿದ್ದವನೇ ಅದನ್ನು ಎತ್ತಿ ಅವನ ಜೇಬಿಗಿಟ್ಟ.

ಅವನು ಬಾಗಿಲ ಹತ್ತಿರ ನಿಂತೇ ಇದ್ದ. ಐದಕ್ಕೆ ಅಂಚೆ ಪೇದೆಯೊಬ್ಬ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿಕೊಂಡು ಬಂದ. ಬೀಗ ರಿಪೇರಿಯವನು ಬಾಗಿಲನ್ನು ಪೂರ್ತಿ ತೆರೆದು ಹಿಡಿದ. ಚೀಲ ಅವನ ತೋಳು ಸವರಿ ಹೋಯಿತು. ಚೀಲ ಹೊತ್ತ ಅಂಚೆ ವ್ಯಾನು ಹೊರಟು ತಿರುವು ದಾಟಿದ ಮೇಲೂ ಅವನು ಬಾಗಿಲು ಬಿಡಲಿಲ್ಲ.